ಫ್ರಿಜ್ಜಿನ ಸೌತೆಕಾಯಿ

ಯಸಳೂರಿನ ಹತ್ತಿರ ಒಂದು ಹೋಮ್‌ಸ್ಟೇನಲ್ಲಿ ಅಡುಗೆಗಿದ್ದೆ. ನಾಳೆ ಬರುವವರಿಗೆ ವಿನೆಗರ್, ಸಬ್ಬಸಿಗೆ ಸೊಪ್ಪು ಹಾಕಿದ ಸೌತೆಕಾಯಿ ಉಪ್ಪಿನಕಾಯಿ ಫ್ರಿಜ್ಜಿನಲ್ಲಿರಬೇಕು, ಮೆತ್ತಗಾದರೆ ಬೇರೆ ಅಡುಗೆಯವಳನ್ನು ನೋಡುತ್ತೇನೆ ಎಂದಿದ್ದರು ಯಜಮಾನರು. ಮಗಳನ್ನು ಕಂಕುಳಲ್ಲಿಟ್ಟುಕೊಂಡು ಇನ್ನೊಂದು ಕೆಲಸ ಎಲ್ಲಿ ಹುಡುಕಲಿ?

ಐಸ್ ನೀರಲ್ಲಿ ನೆನೆಸಿದ ಎಳೆಕಾಯಿಗಳನ್ನು ಬಾಟಲಿಗೆ ತುಂಬುತ್ತಿದ್ದೆ. ನಾನು ಅವತ್ತು ದೇವರಮನೆ ಗುಡಿಸದೇ ಇದ್ದದ್ದನ್ನು ಯಜಮಾನರ ತಾಯಿ ಗಮನಿಸಿದ್ದರು.

"ಮುಟ್ಟಾಗಿದೀಯೇನೇ?"

"ಹೂಂ, ಅಮ್ಮಾರೇ."

"ಅಯ್ಯೋ, ಕೈ ತೆಗಿಯೇ! ಉಪ್ಪಿನಕಾಯಿ ಕೆಟ್ಟೋಯ್ತದೆ."

"ಎಣ್ಣೆ ಇಲ್ಲ, ಖಾರ ಇಲ್ಲ, ಇದೂ ಒಂದು ಉಪ್ಪಿನಕಾಯಾ ಅಂತ ಬೆಳಿಗ್ಗೆ ನೀವೇ ನಕ್ಕಿದ್ರಲ್ಲ?"

ನಾನು ಮುಚ್ಚಳ ಬಿಗಿದೆ.

ಮಾರನೆಯ ದಿನ ಮೊದಲ ತುಂಡು ಕಚ್ಚಿದವರೂ ಅಮ್ಮಾರೇ. ಕರುಂ ಎಂದಿತು. ನನ್ನ ಕೆಲಸ ಉಳಿಯಿತು.

"ನಾ ಹೇಳ್ಲಿಲ್ವೇನೇ ಇದು ಉಪ್ಪಿನಕಾಯಲ್ಲ ಅಂತ?" ಎಂದು ಅವರು ಇನ್ನೊಂದಕ್ಕೆ ಕೈ ಹಾಕಿದರು. "ಉಪ್ಪಿನಕಾಯಿ ಆಗಿದ್ರೆ ಕೆಟ್ಟೋಗ್ತಿತ್ತು."