ಹೊಸಿಲಾಚೆ ಕೂತ ಲ್ಯಾಪ್‌ಟಾಪು

ಚೈತ್ರಾ, ಮನೂ, ನಿಮ್ಮ ಅಜ್ಜಿ ಯಾರ ಮನೆಗೆ ಹೋದರೂ ಬಾಗಿಲಲ್ಲಿ ಕೆಮ್ಮಿ ನಿಲ್ಲುವವಳೇ ಹೊರತು ಕದ ತಟ್ಟುವವಳಲ್ಲ. ಕೆಮ್ಮು ಒಳಗೆ ಕೇಳಿಸದಿದ್ದರೆ ಸುಮ್ಮನೆ ವಾಪಸ್ಸು ಬಂದುಬಿಡುತ್ತೇನೆ. ಹೀಗೆ ಎಷ್ಟು ಮನೆಯ ಕಾಫಿ ಕಳೆದುಕೊಂಡಿದ್ದೇನೋ. ಇಂಥವಳು ಕಾಲೇಜಿನ ವೈರ್‌ಲೆಸ್ ನೆಟ್‌ವರ್ಕಿಗೆ ಕಾವಲು ಹಾಕಿದ ವಿಷಯ ಬರೆಯಲು ಕೂತರೆ ನಿಮ್ಮ ಅಮ್ಮ ನಗುತ್ತಾಳೆ. ನಗಲಿ. ಕಾವಲು ಹಾಕುವುದು ಅವಳಿಗೆ ಗೊತ್ತು, ಹೊರಗೆ ಕೂರುವುದು ನನಗೆ ಗೊತ್ತು.

ನಿಮ್ಮ ತಾತ ಹೋದ ಮೇಲೆ ಮಾಡದಕೆರೆ ಬಿಟ್ಟು, ಹಿರಿಯೂರಿನಾಚೆಯ ಕಾಲೇಜಿನ ಕ್ವಾರ್ಟರ್ಸಿನಲ್ಲಿ ನಿಮ್ಮ ಅಮ್ಮ ಸುಜಾತಳ ಜೊತೆ ಇರಲು ಬಂದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಅವಳದು ಅಲ್ಲಿನ ಕಂಪ್ಯೂಟರುಗಳ ಉಸ್ತುವಾರಿ. ತಂತಿಯಿಲ್ಲದೆ ಇಂಟರ್ನೆಟ್ ಕೊಡುವ ಡಬ್ಬಿಗಳನ್ನು ಹಾಸ್ಟೆಲಿನ ಗೋಡೆಗಳಿಗೆ ಆಗತಾನೇ ಹೊಡೆದಿದ್ದರು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಕೆಲವೇ ದಿನಗಳಲ್ಲಿ ಅದು ಗೇಟಿನ ಎದುರಿನ ಟೀ ಅಂಗಡಿಯಲ್ಲೂ ಬಾಯಿಪಾಠವಾಗಿತ್ತು. ಆಮೇಲೆ ಯಾವುದೋ ಹುಡುಗನ ಲ್ಯಾಪ್‌ಟಾಪಿನಿಂದ ವೈರಸ್ಸು ಹಬ್ಬಿ, ಪರೀಕ್ಷೆ ಹತ್ತಿರ ಬಂದಾಗಲೇ ಆಫೀಸಿನ ಕಂಪ್ಯೂಟರುಗಳೆಲ್ಲ ಮಲಗಿದವು.

ಇನ್ನು ಬಿಗಿ ಮಾಡಬೇಕೆಂದಾಯಿತು. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಡುವುದು ಒಂದು ದಾರಿ, ಆದರೆ ಹುಡುಗರು ಅದನ್ನೂ ಹಂಚಿಕೊಳ್ಳುತ್ತಾರೆ. ಪ್ರತಿ ಲ್ಯಾಪ್‌ಟಾಪಿಗೂ ಹುಟ್ಟಿನಿಂದ ಒಂದು ನಂಬರಿರುತ್ತದಂತೆ, ಅದನ್ನು ಬರೆದಿಟ್ಟುಕೊಳ್ಳುವುದು ಇನ್ನೊಂದು. ಆ ನಂಬರನ್ನೂ ಕದಿಯಬಹುದು ಎಂದಳು ಸುಜಾತ. ಕೊನೆಗೆ ಆರಿಸಿದ್ದು ದುಬಾರಿಯದನ್ನು. ಅದು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ನೀನು ಯಾರು, ನಿನ್ನ ಯಂತ್ರಕ್ಕೆ ವೈರಸ್ಸಿನ ಲಸಿಕೆ ಆಗಿದೆಯೇ ಎಂದು ವಿಚಾರಿಸುತ್ತದೆ. ಆಗಿಲ್ಲದಿದ್ದರೆ ಬೇರೆಯೇ ಒಂದು ಮೂಲೆಯಲ್ಲಿಡುತ್ತದೆ. ಅಲ್ಲಿ ಲಸಿಕೆಯೊಂದು ಬಿಟ್ಟು ಮತ್ತೇನೂ ಸಿಗುವುದಿಲ್ಲ.

ಅದನ್ನು ಮಾರಿದ ಕಂಪನಿಯವನು ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಇದನ್ನು ಹೊಸ ಸಂಗತಿಯೆಂಬಂತೆ ವಿವರಿಸಿದ. ನನಗೇನೂ ಹೊಸದೆನಿಸಲಿಲ್ಲ. ಇದು ನಾಚಿಕೆಯ ಮಾತು. ಮನು ಓದುವಾಗ ನಾನು ಎದುರಿಗಿರುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಾನು ದೊಡ್ಡವಳಾದ ಮೇಲೆ ತಿಂಗಳ ಆ ದಿನಗಳಲ್ಲಿ ಹಿತ್ತಲ ಕೊಟ್ಟಿಗೆಯ ಪಕ್ಕ ಕೂರುತ್ತಿದ್ದೆ. ಅವ್ವ ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದಳು. ಎಮ್ಮೆ ಮಾತ್ರ ಭೇದ ಮಾಡದೆ ನನ್ನ ಸೆರಗು ಮೇಯುತ್ತಿತ್ತು. ದಿನ ತುಂಬಿದ ಮೇಲೆ ಒಳಗಿನಿಂದ ಕರೆ ಬರುತ್ತಿತ್ತು. ಒಳಗೆ ಬರಲೇ ಎಂದು ನಾವಾಗಿ ಕೇಳುವುದು ಮಾತ್ರ ಇರಲಿಲ್ಲ.

ಕಾವಲನ್ನು ಹೇಗೆ ಶುರುಮಾಡಬೇಕೆಂಬುದರ ಮೇಲೆ ಸುಜಾತಳಿಗೂ ಪಕ್ಕದ ಮನೆಯಲ್ಲೇ ಇದ್ದ ಪ್ರಿನ್ಸಿಪಾಲರಿಗೂ ಕಾಂಪೌಂಡಿನ ಹತ್ತಿರ ಮಾತಾಯಿತು.

"ಸರ್, ಹುಡುಗ್ರ ಹತ್ರ ಹಳೇ ಲ್ಯಾಪ್‌ಟಾಪ್ ಅವೆ. ಒಂದು ತಿಂಗ್ಳು ಯಾರನ್ನೂ ತಡೀದೆ, ಯಾರದು ಹೆಂಗೈತೆ ಅಂತ ಬರೀ ನೋಡಾಣ."

"ಕಳ್ಳ ಬಂದ್ರೆ ಬರ್ಲಿ, ಮುಖ ನೋಡ್ಕಳಾಣ ಅಂದಂಗಾತು ನಿನ್ ಮಾತು. ಮೊದ್ಲ ದಿನದಿಂದ್ಲೇ ಬಿಗಿ ಮಾಡಮ್ಮ."

"ಹೊರಗುಳಿದೋರ ಗತಿ?"

"ಬಂದು ಕೇಳ್ತಾರೆ ಬಿಡು. ಬಾಯಿಲ್ವ ಅವ್ರಿಗೆ?"

ಕೊನೆಯ ವರ್ಷದಲ್ಲಿ ಓದುತ್ತಿದ್ದ ನಾಗವೇಣಿ ಎಂಬ ಹುಡುಗಿಯೊಬ್ಬಳಿದ್ದಳು. ಹಿರಿಯೂರಿನ ಕಡೆಯ ಒಂದು ಹಟ್ಟಿಯವಳು. ಅವಳ ಮನೆಯ ಹೆಣ್ಣುಮಕ್ಕಳು ಆ ದಿನಗಳನ್ನು ಊರಾಚೆಯ ಗುಡಿಸಲಿನಲ್ಲಿ ಕಳೆಯಬೇಕು. ನನಗೆ ಕೊಟ್ಟಿಗೆ, ಅವಳಿಗೆ ಗುಡಿಸಲು. ನನ್ನ ಹುರುಳಿಸಾರೆಂದರೆ ಅವಳಿಗೆ ಪ್ರಾಣ, ಸಂಜೆ ಆಗಾಗ ಬರುತ್ತಿದ್ದಳು. ಎಂ.ಎಸ್ಸಿ. ಓದಲು ದೂರದ ವಿಶ್ವವಿದ್ಯಾಲಯಕ್ಕೆ ಇಂಟರ್ನೆಟ್ಟಿನಲ್ಲಿ ಅರ್ಜಿ ಕಳಿಸಬೇಕಿತ್ತು. "ಸೀಟು ಸಿಕ್ರೆ ಓದು, ಇಲ್ದಿದ್ರೆ ನಿಮ್ ಮಾವನಿಗೆ ಕೊಡೋದೇ" ಎಂದು ಅವರಪ್ಪ ಹೇಳಿಬಿಟ್ಟಿದ್ದರು. ಆ ಮಾವನಿಗೆ ಆಗಲೇ ತಲೆಗೂದಲು ನೆರೆತಿತ್ತು.

ಕಾವಲು ಶುರುವಾದ ದಿನವೇ ಅವಳ ಲ್ಯಾಪ್‌ಟಾಪು, ಯಾರೋ ಬಳಸಿ ಕೊಟ್ಟಿದ್ದು, ಮೂಲೆಗೆ ಹೋಯಿತು. ನಿಮ್ಮ ಯಂತ್ರವನ್ನು ಸದ್ಯಕ್ಕೆ ಬೇರೆ ಇರಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಬಂತಂತೆ, ಕೆಳಗೆ ಲ್ಯಾಬಿನ ಫೋನ್ ನಂಬರು. ಅವಳು ಅದಕ್ಕೆ ಲಸಿಕೆ ಹಾಕಿಸಿದಳು. ಆದರೂ ತೀರಾ ಹಳೆಯ ಯಂತ್ರವಾದ್ದರಿಂದ ಸುಜಾತಳ ಒಂದು ಅಪ್ಪಣೆ ಬೇಕಿತ್ತು. ಆ ವಾರವೂ ನಾಗವೇಣಿ ನಮ್ಮ ಮನೆಗೆ ಬಂದಳು. ಸುಜಾತಳ ಎದುರೇ ಕೂತು ಉಂಡಳು. "ಅರ್ಜಿ ಹಾಕಿದೆಯೇನವ್ವ?" ಎಂದು ನಾನು ಕೇಳಿದೆ. "ಹಾಕ್ತೀನಜ್ಜಿ" ಎಂದಳು.

ಅರ್ಜಿಯ ಕೊನೆಯ ದಿನ ಕಳೆದ ಮೇಲೆ ವಿಷಯ ಹೊರಗೆ ಬಂತು.

"ನಂಗೊಂದು ಮಾತು ಹೇಳಿದ್ರೆ ನಿಮಿಷದ ಕೆಲ್ಸ ಕಣೇ" ಎಂದಳು ಸುಜಾತ. "ಬೇರೆಯವ್ರ ಲ್ಯಾಪ್‌ಟಾಪಿನಾಗಾದ್ರೂ ಕಳಿಸಬಾರ್ದಿತ್ತ?"

"ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಅಂದ್ಕಂಡೆ ಮೇಡಂ."

"ನಂಬರ್ ಹಾಕಿತ್ತಲ್ಲೇ."

"ಒಳಗ್ ಕರ್ಕಳ್ರಿ ಅಂತ ನಾವೇ ಹೆಂಗೆ ಕೇಳಾದು? ಹೊರಗಿಟ್ಟೋರು ಕರೀಬೇಕಲ್ವ?"

ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ, ನಿಮಗಾದರೂ ಗೊತ್ತಲ್ಲ ಎಂಬಂತೆ ನೋಡಿದಳು. ನನಗೆ ಗೊತ್ತಿತ್ತು.

ಸುಜಾತ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದಳು. ಮುಗಿಯಿತು ಎಂದರು. ಶ್ರಾವಣದಲ್ಲಿ ನಾಗವೇಣಿಗೆ ಆ ಮಾವನೊಡನೆ ಮದುವೆಯಾಯಿತು. ನಾನು ಹೋಗಲಿಲ್ಲ. ಗಂಡನಿಲ್ಲದವಳು ಧಾರೆಯ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂಬುದು ನನಗೆ ಗೊತ್ತು. ಅಲ್ಲಿಂದ ಮದುಮಗಳ ಮುಖ ಕಾಣುವುದಿಲ್ಲ.

ಆ ಕಾವಲಿನ ಯಂತ್ರವನ್ನು ನಾನು ಬೈಯುವುದಿಲ್ಲ. ವೈರಸ್ಸು ನಿಜವಾಗಿಯೂ ನಿಂತಿತು. ಬಾಯಿದ್ದ ಹುಡುಗರೆಲ್ಲ ಲ್ಯಾಬಿಗೆ ಬಂದು ಜಗಳವಾಡಿ ಒಳಗೆ ಸೇರಿಕೊಂಡರು. ಸುಮ್ಮನೆ ಕೂತವಳೊಬ್ಬಳಿದ್ದಾಳೆಂದು ಅದಕ್ಕೆ ಹೊಳೆಯಲಿಲ್ಲ, ಅಷ್ಟೆ. ನಮ್ಮ ಮನೆಯ ಹಿರಿಯರಿಗಾದರೂ ದಿನ ತುಂಬಿದ್ದು ನೆನಪಿರುತ್ತಿತ್ತು. ಮುಂದೆ ನಿಮ್ಮ ಅಮ್ಮ ಯಾರನ್ನೂ ಕೇಳದೆ ಆ ಬಿಗಿಯನ್ನು ಸಡಿಲಿಸಿದಳು. ದಿನಾ ಬೆಳಿಗ್ಗೆ ಹಾಸ್ಟೆಲಿಗೆ ಹೋಗಿ, ಯಾರದಾದರೂ ಲ್ಯಾಪ್‌ಟಾಪು ಹೊರಗೆ ನಿಂತಿದೆಯೇ ಎಂದು ಕೋಣೆ ಕೋಣೆಗೂ ಕೇಳಿ ಬರುತ್ತಿದ್ದಳು. ಅವಳು ಕಾಲೇಜು ಬಿಡುವವರೆಗೂ ಇದು ನಡೆಯಿತು. ನಾಗವೇಣಿಯ ಕೋಣೆಗೆ ಆಗ ಬೇರೆ ಹುಡುಗಿ ಬಂದಿದ್ದಳು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ, ಬೀಗ ಮಾತ್ರ ಹಾಕಬೇಡಿ. ನಾಗವೇಣಿಗೆ ಇಬ್ಬರು ಹೆಣ್ಣುಮಕ್ಕಳಂತೆ. ಅವರು ಎಂದಾದರೂ ನಿಮ್ಮ ಮನೆಗೆ ಬಂದರೆ ಇದನ್ನು ಓದಲು ಕೊಡಿ. ಅವರಾಗಿ ಕೇಳುವುದಿಲ್ಲ. ನೀವೇ ಕೊಡಿ.