ಬಿಸಿಲಿಲ್ಲದೆ ಒಣಗಿದ ಸೀರೆ

ಸರಿತಾ, ಕನ್ನಡ ಕೂಟದ ದೀಪಾವಳಿ ಸಂಚಿಕೆಯಲ್ಲಿ ನನ್ನ ಹೆಸರಿನಲ್ಲಿ ಬಂದ ಆ ಕವನ ನಿನ್ನ ತಂದೆಯದು. ಕದ್ದವಳು ನಾನು.

ಎಂಬತ್ತರ ದಶಕದ ಆ ಚಳಿಗಾಲ ನಿನಗೆ ನೆನಪಿರಬಹುದು — ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ಮ್ಯಾನೇಜರು ಬಂದು ಗೊಣಗುತ್ತಿದ್ದ. ಕಾನ್ಪುರದಿಂದ ಈ ದೇಶಕ್ಕೆ ಬಂದ ನಿನ್ನ ಬಾಬೂಜಿಗೆ ಅದೊಂದನ್ನು ಮಾತ್ರ ಸಹಿಸಲಾಗಲಿಲ್ಲ. ಜೀವನವಿಡೀ ಮೇಷ್ಟ್ರಾಗಿದ್ದುಕೊಂಡು ಹಿಂದಿಯ ಸಣ್ಣಪುಟ್ಟ ಪತ್ರಿಕೆಗಳಿಗೆ ಕವಿತೆ ಬರೆದವರು, ಇಲ್ಲಿ ನೀವೆಲ್ಲ ಆಫೀಸಿಗೆ ಹೋದಮೇಲೆ ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಗೆ ಬಂದು ಕೂರುತ್ತಿದ್ದರು. ಅಲ್ಲಿ ಬೆಚ್ಚಗಿರುತ್ತಿತ್ತು, ನಾಲ್ಕು ಜನ ಸಿಗುತ್ತಿದ್ದರು. ಮೈಸೂರಿನಲ್ಲಿ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದ್ದ ನಾನೂ ಸಿಕ್ಕಿದೆ.

ಒಂದು ದಿನ ಡ್ರೈಯರಿನಿಂದ ನಿಮ್ಮಮ್ಮನ ಹಳೆಯ ಸೀರೆ ತೆಗೆದರು — ಅಮ್ಮ ತೀರಿಕೊಂಡ ಮೇಲೆ ಬಾಬೂಜಿ ಅದನ್ನೇ ಹೊದೆಯುತ್ತಿದ್ದರಲ್ಲ. ಮೂಗಿಗೆ ಹಿಡಿದು, ಮೆಲ್ಲಗೆ ಕವಿತೆ ಹೇಳಿದರು. ಸೀರೆ ಒಣಗಿದೆ, ಬಿಸಿಲಿನ ವಾಸನೆ ಮಾತ್ರ ಇಲ್ಲ. ಅವಳು ನನ್ನ ಹತ್ತಿರ ಬರುತ್ತಿದ್ದ ದಾರಿ ಅದೊಂದೇ ಆಗಿತ್ತು — ಅಂತ. ನನಗೆ ಅಳು ಬಂತು. ಮನೆಗೆ ಹೋದವಳೇ ಕನ್ನಡದಲ್ಲಿ ಬರೆದೆ. ಹೆಂಡತಿಯ ಸೀರೆಯನ್ನು ಅಮ್ಮನ ಸೀರೆ ಮಾಡಿದೆ. ಕೆಳಗೆ ಅವರ ಹೆಸರು ಹಾಕಬೇಕೆಂದೇ ಇದ್ದೆ... ಹಾಕಲಿಲ್ಲ. ನಮ್ಮವರು ಹಿಂದಿಯವರ ಗೋಷ್ಠಿಗೆ ಹೋಗುವವರಲ್ಲ, ಅವರು ನಮ್ಮ ಕೂಟಕ್ಕೆ ಬರುವವರಲ್ಲ, ಯಾರಿಗೆ ಗೊತ್ತಾಗಬೇಕು? ಎಲ್ಲರೂ ಹೊಗಳಿದರು. ನಾನು ಬೀಗಿದೆ.

ಮರುವರ್ಷ ಬಾಬೂಜಿ ತಮ್ಮ ಮೊದಲ ಪುಸ್ತಕ ಹಿಡಿದುಕೊಂಡು ಮತ್ತೆ ಬಂದರು. ಸಿಕ್ಕಸಿಕ್ಕವರಿಗೆಲ್ಲ ಕೊಟ್ಟರು. ನಮ್ಮ ಕೂಟದಲ್ಲಿ ನನ್ನನ್ನು ಬಿಟ್ಟರೆ ಹಿಂದಿ ಓದುತ್ತಿದ್ದವರೆಂದರೆ ಧಾರವಾಡದ ರಾಯರು. ಅವರಿಗೂ ಒಂದು ಸಿಕ್ಕಿತು. ಓದಿ, ನೇರ ನಮ್ಮ ಮನೆಗೇ ಬಂದರು.

"ಏನ್ರೀ ಇದು, ನಿಮ್ಮ ಪದ್ಯಾನ ಕದ್ದಾನಲ್ರೀ ಆ ಮುದುಕ!"

ಆಗ ಬಾಯಿ ಬಿಡಬೇಕಿತ್ತು. ನಾನು ಅಂದದ್ದು — "ಹೋಗ್ಲಿ ಬಿಡಿ ರಾಯರೇ, ವಯಸ್ಸಾದವರು."

ಕ್ಷಮಿಸಿಬಿಟ್ಟೆ, ಸರಿತಾ. ನಾನು — ಅವರನ್ನು!

ಮಾತು ರಾಯರಿಂದ ನಿಮ್ಮ ಹಿಂದಿ ಬಳಗಕ್ಕೂ ಹೋಯಿತು. ನಿಮ್ಮ ಮನೆಯಲ್ಲಿ ಇಟ್ಟುಕೊಂಡ ಪುಸ್ತಕದ ಓದಿಗೆಂದು ನೀನು ಕರಿದ ಸಮೋಸಾ ಹಾಗೇ ಉಳಿಯಿತು. ಬಂದವಳು ನಾನೊಬ್ಬಳೇ. ಬಾಬೂಜಿ ಖಾಲಿ ಕುರ್ಚಿಗಳನ್ನು ನೋಡಿದರು, ಆಮೇಲೆ ನನ್ನನ್ನು. ನೀನಾದರೂ ಬಂದೆಯಲ್ಲ ಮಗಳೇ, ಸಾಕು, ಎಂದರು. ನನ್ನೆದುರು ಕೂತು ಇಡೀ ಪುಸ್ತಕ ಓದಿದರು — ಸೀರೆಯ ಕವಿತೆಯನ್ನೂ. ಊರಿಗೆ ಹೋದವರು ಮತ್ತೆ ಬರಲಿಲ್ಲ. ಅವರು ತೀರಿಕೊಂಡ ಮೇಲೂ ನೀನು ಕೇಳುತ್ತಲೇ ಇದ್ದೆ, ಅವತ್ತು ಯಾಕೆ ಯಾರೂ ಬರಲಿಲ್ಲ ಅಂತ. ಫ್ರೀವೇ ಜಾಮ್ ಆಗಿತ್ತು ಅಂದಿದ್ದೆ.

ಇಷ್ಟೆಲ್ಲ ಬರೆದಮೇಲೆ ಹೊಳೆಯುತ್ತಿದೆ — ಇದನ್ನೂ ನಿನಗೆ ಓದಲು ಬಾರದ ಕನ್ನಡದಲ್ಲೇ ಬರೆದಿದ್ದೇನೆ. ಇದೂ ಬಚ್ಚಿಟ್ಟ ಹಾಗೆಯೇ. ಶನಿವಾರ ನಿನ್ನ ಮನೆಗೆ ಬರುತ್ತೇನೆ, ಹಿಂದಿಯಲ್ಲಿ ಹೇಳುತ್ತೇನೆ. ರಾಯರನ್ನೂ ಕರೆದಿದ್ದೇನೆ.