ಮಹಡಿ ಮೇಲಿನ ರಫೂ ಅಕ್ಕ

“ಅಮ್ಮಾ, ರಫೂ ಅಕ್ಕ ಹರಿದುಹೋದ ಮನುಷ್ಯರನ್ನೂ ಹೊಲೀತಾಳಾ?”

ಹೊಲಿಗೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತುತ್ತಾ ನನ್ನ ನಾಲ್ಕು ವರ್ಷದ ಮಗಳು ಕೇಳಿದ ಪ್ರಶ್ನೆ ಇದು. ನಾನು ಉತ್ತರ ಹುಡುಕುವುದರೊಳಗೆ ಕೆಳಗೆ ಮಿಷನ್ ತುಳಿಯುತ್ತಿದ್ದ ಮುದುಕಿ ತಲೆ ಎತ್ತದೆಯೇ ಹೇಳಿದರು: “ಹೂಂ ಮರಿ, ಹೊಲೀತಾಳೆ. ನನ್ನ ಸೊಸೆ ಅವಳು. ಬಟ್ಟೆ ಆದ್ರೆ ಸರಿಹೋಗ್ಲಿಲ್ಲ ಅಂದ್ರೆ ಬಿಚ್ಚಬಹುದು. ಇವಳು ಚರ್ಮದ ಮೇಲೆ ಹಾಕಿದ್ದನ್ನ ಯಾರು ಬಿಚ್ಚೋರು? ಹೋಗಿ ಕೇಳು.”

ಮೇಲಿನಿಂದ ಸೊಸೆಯ ದನಿ ಬಂತು. “ಬಂದೋರನ್ನ ಮೆಟ್ಟಿಲ ಮೇಲೇ ಓಡಿಸ್ಬೇಡಿ ಅತ್ತೆ!”

“ಓಡಿಸ್ತಿಲ್ಲಮ್ಮ, ಎಚ್ಚರ ಹೇಳ್ತಿದ್ದೀನಿ.”

ನಾವು ಅಲ್ಲಿಗೆ ಹೋಗಿದ್ದು ನನ್ನ ಎಡಗೈಗಾಗಿ. ಮಗಳು ಆಗಷ್ಟೇ ಎಲ್ಲವನ್ನೂ ಹಿಡಿದೆಳೆಯುವ ವಯಸ್ಸಿಗೆ ಬಂದಿದ್ದಾಗ, ಅಡುಗೆ ಕಟ್ಟೆಯ ಮೇಲೆ ನೀರು ಕುದಿಯುತ್ತಿದ್ದ ಕೆಟಲಿನ ವೈರ್‌ಗೆ ಕೈ ಹಾಕಿದ್ದಳು. ನಾನು ಕೈ ಅಡ್ಡ ಹಿಡಿದೆ. ಅವಳ ಮೇಲೆ ಒಂದು ಹನಿಯೂ ಬೀಳಲಿಲ್ಲ. ನನ್ನ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಟ್ಟು, ಮಾಗಿ, ಒಂದು ಕಡೆ ಹಗ್ಗದಂತೆ ಉಬ್ಬಿ, ಇನ್ನೊಂದು ಕಡೆ ಹಾಲಿನ ಕೆನೆಯಂತೆ ಸುಕ್ಕಾಗಿ ನಿಂತಿತು. ನನಗೆ ಅದೇನೂ ಭಾರವಾಗಿರಲಿಲ್ಲ. ಆದರೆ ನಮ್ಮ ಚಿಕ್ಕಮ್ಮ ಬಂದಾಗಲೆಲ್ಲ ಮಗಳ ಕೆನ್ನೆ ಹಿಂಡಿ, “ಅಮ್ಮನ ಕೈ ಸುಟ್ಟ ಕಳ್ಳಿ ಇವಳೇ ಅಲ್ವಾ?” ಎನ್ನುತ್ತಿದ್ದಳು. ಮುದ್ದಿಗೇ ಅಂದಿದ್ದು. ಮಾತು ಅರ್ಥವಾಗುವ ವಯಸ್ಸು ಬಂದ ಮೇಲೆ ಮಗಳು ಆ ಕೈಯಿಂದ ದೂರ ಸರಿದಳು. ರಸ್ತೆಯಲ್ಲಿ ಸುತ್ತು ಹಾಕಿ ಬಂದು ಬಲಗೈಯನ್ನೇ ಹಿಡಿಯುವಳು. ಬಲಗೈಯಲ್ಲಿ ಚೀಲವಿದ್ದರೆ ನನ್ನ ಬಟ್ಟೆಯ ಅಂಚು ಹಿಡಿದು ನಡೆಯುವಳು. ಮಲಗುವಾಗ ಎಡಗಡೆ ಜಾಗ ಖಾಲಿ ಬಿಡುವಳು. ಅದನ್ನು ನೋಡಲಾಗದೆ ಕಲೆ ಮುಚ್ಚುವ ಹಚ್ಚೆಯವರನ್ನು ಹುಡುಕತೊಡಗಿದೆ.

ಮೊದಲು ಸಿಕ್ಕವನು ಗೋಡೆ ತುಂಬ ಹುಲಿ, ತಲೆಬುರುಡೆ ನೇತುಹಾಕಿದ್ದ. ಕೈ ನೋಡಿ, “ದೊಡ್ಡ ಹದ್ದು ಹಾಕೋಣ ಮೇಡಂ, ಎಲ್ಲಾ ಮುಚ್ಚಿಹೋಗುತ್ತೆ” ಎಂದ. ಮನೆಗೆ ಬಂದು ಹೇಳಿದರೆ ನನ್ನ ಗಂಡ, “ಹದ್ದು ಹೊತ್ಕೊಂಡು ತರಕಾರಿ ತರೋಕೆ ಹೋಗು, ಚೌಕಾಸಿನೇ ಬೇಕಾಗಲ್ಲ” ಎಂದು ನಕ್ಕರು. ಎರಡನೆಯವನು ಸುಟ್ಟ ಚರ್ಮದ ಕೆಲಸ ತನ್ನ ಕೈಲಾಗದು ಎಂದು ಪ್ರಾಮಾಣಿಕವಾಗಿ ಕಳಿಸಿದ. ಕೊನೆಗೆ, ಸುಟ್ಟಾಗ ನನ್ನ ಕೈಗೆ ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ ಹೇಳಿದ್ದು ರಫೂ ಅಕ್ಕನ ಹೆಸರು.

ರಫೂ ಅಕ್ಕ ಸಣ್ಣ ಮೈಕಟ್ಟಿನ, ದೊಡ್ಡ ನಗುವಿನ ಹೆಂಗಸು. ಮದುವೆಯಾಗಿ ಬಂದ ಮೇಲೆ ಅತ್ತೆಯ ಅಂಗಡಿಯಲ್ಲಿ ಅವಳಿಗೆ ಸಿಕ್ಕಿದ್ದು ರಫೂ ಕೆಲಸ. ಇಲಿ ಕಡಿದ ಕೋಟು, ಸಿಗರೇಟು ಕಿಡಿಗೆ ತೂತಾದ ಶಾಲು, ಎಲ್ಲಕ್ಕೂ ಅದೇ ಬಟ್ಟೆಯ ಅಂಚಿನಿಂದ ಎಳೆ ಕಿತ್ತು, ನೇಯ್ಗೆಯ ದಾರಿ ಹಿಡಿದು ತೂತು ತುಂಬುವುದು. ಪಕ್ಕದ ಹಚ್ಚೆ ಅಂಗಡಿಯ ಯಜಮಾನ ಒಮ್ಮೆ ತನ್ನ ಕೋಟು ಕೊಟ್ಟು, ವಾಪಸು ಬಂದಾಗ ತೂತು ಎಲ್ಲಿತ್ತೆಂದು ಹುಡುಕಿ ಸೋತು, “ಈ ಕೈ ಬಟ್ಟೆ ಮೇಲೆ ದಂಡ ಆಗ್ತಿದೆ” ಎಂದನಂತೆ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಗೆರೆ ಎಳೆಯುವುದರಿಂದ ಅವನ ಹತ್ತಿರ ಹಚ್ಚೆಯ ಕಲಿಕೆ ಶುರುವಾಯಿತು.

“ನೀವು ಮುಚ್ಚಿದ ಮೊದಲನೇ ಕಲೆ ಯಾರದು?” ಎಂದು ಕೇಳಿದೆ.

“ಇನ್ಯಾರದು? ನಮ್ಮನೆಯವರದು. ಬೈಕಿನ ಸೈಲೆನ್ಸರ್ ತಾಗಿ ಮೀನಖಂಡದಲ್ಲಿ ಕಲೆ ಇತ್ತು. ಬೇರೆ ಚರ್ಮಕ್ಕೆ ಸೂಜಿ ಒತ್ತೋ ಹಾಗೆ ಒತ್ತಿಬಿಟ್ಟೆ. ಸುಟ್ಟ ಜಾಗದಲ್ಲಿ ಬಣ್ಣ ಹರಡಿಬಿಡುತ್ತೆ. ಮೀನು ಬರೆದಿದ್ದೆ, ಆರಿದ ಮೇಲೆ ನೋಡಿದ್ರೆ ಬದನೆಕಾಯಿ!”

“ಪಾಪ, ಬೈದ್ರಾ?”

“ಬೈಯೋದೇನು? ಬೇಸಿಗೆ ಬಂದ್ರೆ ಚಡ್ಡಿ ಹಾಕ್ಕೊಂಡು ಬೀದಿಗೆಲ್ಲ ತೋರಿಸ್ಕೊಂಡು ಬರ್ತಾರೆ.”

ಹೀಗೆ ಮಾತಾಡುತ್ತಲೇ ಅವಳ ಹೆಬ್ಬೆರಳು ನನ್ನ ಕೈ ಮೇಲೆ ಓಡುತ್ತಿತ್ತು. ಇಲ್ಲಿ ಮುಟ್ಟಿದ್ದು ಗೊತ್ತಾಗುತ್ತಾ, ಇಲ್ಲಿ ಜುಮ್ ಅನ್ನುತ್ತಾ ಎಂದು ಕೇಳಿಕೊಂಡಳು. ಸೂಜಿ ಮುಟ್ಟಲೇ ಇಲ್ಲ. ಪೆನ್ನು ತೆಗೆದು ಕಲೆಯ ಮೇಲೆ ಹೂವಿನ ಗೊಂಚಲು ಬರೆದಳು.

“ಇದನ್ನ ಹಾಕ್ಕೊಂಡು ಮನೇಲಿ ಓಡಾಡಿ. ಮಾಸಿದ್ರೆ ಬನ್ನಿ, ಬೇರೆ ಬರೀತೀನಿ. ಈ ಕೈನ ನಿಮಗಿಂತ ಜಾಸ್ತಿ ಮನೆಯವರು ನೋಡ್ತಾರೆ. ಅವರಿಗೆ ಒಗ್ಗಲಿ.”

ಇದು ಅವಳ ಪದ್ಧತಿ. ಪೆನ್ನಿನ ಚಿತ್ರ ಮನೆಯಲ್ಲಿ ವಾಸ ಮಾಡಿ ಗೆಲ್ಲದೆ ಸೂಜಿ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಹೂಗೊಂಚಲು ಗೆಲ್ಲಲಿಲ್ಲ. ಕಿಟಕಿ ಪರದೆಯ ಹಾಗಿದೆ ಎಂದರು ಗಂಡ. ಮಗಳಂತೂ ತಿರುಗಿಯೂ ನೋಡಲಿಲ್ಲ. ಮುಂದಿನ ಸಲ ರಫೂ ಅಕ್ಕ ಉಬ್ಬಿದ ಗೆರೆಯನ್ನೇ ಬಳ್ಳಿಯ ಕಾಂಡ ಮಾಡಿ, ಸುಕ್ಕಿನ ಮಡಿಕೆಗಳನ್ನು ಎಲೆಗಳಾಗಿಸಿದಳು. ಬಟ್ಟೆಯ ನೇಯ್ಗೆ ನೋಡಿ ಎಳೆ ಹಾಕಿದ ಹಾಗೇ. ಆದರೂ ಮಗಳು ಬಲಗೈ ಬಿಡಲಿಲ್ಲ. ನನಗೆ ಆಸೆ ಕುಗ್ಗಿತು.

ಒಂದು ಮಧ್ಯಾಹ್ನ ಮಗಳನ್ನು ಮಲಗಿಸಲು ಹೋಗಿ ನಾನೇ ನಿದ್ದೆ ಹೋಗಿದ್ದೆ. ಎಡಗೈಗೆ ಕಚಗುಳಿಯಾಗಿ ಎಚ್ಚರವಾಯಿತು. ಮಗಳು ನಾಲಿಗೆ ಹೊರಹಾಕಿಕೊಂಡು, ನನ್ನ ಬಾಲ್‌ಪೆನ್ನು ಹಿಡಿದು, ಬಳ್ಳಿಯ ಮೇಲೆ ಏನೋ ಬರೆಯುತ್ತಿದ್ದಳು. ಅವಳ ಇನ್ನೊಂದು ಅಂಗೈ ಪೂರ್ತಿ ನನ್ನ ಕಲೆಯ ಮೇಲಿತ್ತು.

“ಅಲ್ಲಾಡಬೇಡ ಅಮ್ಮ, ಇರುವೆ ಬಿದ್ದುಹೋಗುತ್ತೆ.”

ನಾನು ಅಲ್ಲಾಡಲಿಲ್ಲ. ಅತ್ತರೆ ಕೈ ಅಲ್ಲಾಡುತ್ತದೆಂದು ಅಳಲೂ ಇಲ್ಲ.

ಆ ಇರುವೆಯನ್ನು ನೀರು ತಾಗದಂತೆ ಕಾಪಾಡಿಕೊಂಡು ಮಾರನೇ ದಿನ ಮೆಟ್ಟಿಲು ಹತ್ತಿದೆವು. ರಫೂ ಅಕ್ಕ ದೀಪ ಹತ್ತಿರ ಎಳೆದು ನೋಡಿದಳು.

“ಇದಕ್ಕೆ ಐದೇ ಕಾಲು ಇದೆಯಲ್ಲೇ?”

“ಅದು ಓಡ್ತಿದೆ. ಆರನೇದು ಕಾಣಲ್ಲ” ಎಂದಳು ಮಗಳು, ಇಷ್ಟೂ ಗೊತ್ತಿಲ್ಲವಾ ಎಂಬಂತೆ.

“ಹೌದಲ್ಲ! ಸರಿ, ಓಡೋ ಇರುವೆನೇ ಇರಲಿ.” ನನ್ನ ಕಡೆ ತಿರುಗಿ, “ಇನ್ನು ಸೂಜಿ ಹಿಡೀಬಹುದು” ಎಂದಳು.

ಮೊದಲು ಅಲ್ಲಲ್ಲಿ ಚುಕ್ಕಿ ಇಟ್ಟು, ಬಣ್ಣ ಹೇಗೆ ನಿಲ್ಲುತ್ತದೆಂದು ಕಾದು ನೋಡಿದಳು. ಆಮೇಲೆ ಬಳ್ಳಿ, ಎಲೆ. ಎಲ್ಲಕ್ಕಿಂತ ಕೊನೆಗೆ ಇರುವೆ, ಐದು ಕಾಲಿನದೇ. ತೆಳು ಚರ್ಮದ ಮೇಲೆ ಅವಳ ಕೈ ಎಷ್ಟು ಹಗುರವಾಯಿತೆಂದರೆ ಹಚ್ಚೆ ಮಿಷನ್ನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಉಬ್ಬಿದ ಕಡೆ ಮಾತ್ರ ಹಲ್ಲು ಕಚ್ಚಿದೆ. ಕಲೆ ಮಾಯವಾಗಿಲ್ಲ. ಬೆರಳಾಡಿಸಿದರೆ ಸಿಗುತ್ತದೆ. ಕಣ್ಣಿಗೆ ಮಾತ್ರ ಮೊದಲು ಕಾಣುವುದು ಬಳ್ಳಿ.

ಗಾಯ ಆರಿದ ಮೇಲೆ ಚಿಕ್ಕಮ್ಮ ಬಂದಳು. ಅಭ್ಯಾಸಬಲದಿಂದ ಕೆನ್ನೆಗೆ ಕೈ ಹಾಕಿ, “ಅಮ್ಮನ ಕೈ…” ಎಂದು ಶುರುಮಾಡಿದಳು. ಮಗಳು ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಎಳೆದು ಅವಳ ಮೂಗಿನ ಹತ್ತಿರ ಹಿಡಿದಳು. “ಇದು ನನ್ನ ಇರುವೆ. ನಾನೇ ಬರೆದಿದ್ದು. ಮುಟ್ಟು, ಕಚ್ಚಲ್ಲ.” ಚಿಕ್ಕಮ್ಮ ಮುಟ್ಟಿದಳು. ಆ ರಾತ್ರಿ ಮಗಳು ಎಡಗಡೆಯೇ ಮಲಗಿದಳು, ತೋಳಿನ ಮೇಲೆ ತಲೆ ಇಟ್ಟು. ಬೆಳಗ್ಗೆ ಕೈ ಜೋಮು ಹಿಡಿದಿತ್ತು. ಅಷ್ಟು ಹಿತವಾದ ಜೋಮು ನನಗೆ ಗೊತ್ತಿಲ್ಲ.

ಇವತ್ತು ಕೈ ತೋರಿಸಿ ಬರಲು ಒಬ್ಬಳೇ ಹೋಗಿ ಇದನ್ನೆಲ್ಲ ಹೇಳಿದೆ. ರಫೂ ಅಕ್ಕ ನಗುತ್ತಾ ಕೇಳಿದಳು. ಆಮೇಲೆ ಸೂಜಿಗಳ ಡಬ್ಬಿಯನ್ನು ಸುಮ್ಮಸುಮ್ಮನೆ ಅತ್ತಿತ್ತ ಸರಿಸಿದಳು.

“ಒಂದು ಸಹಾಯ ಕೇಳಲಾ? ಬೇಡ ಅನಿಸಿದ್ರೆ ಬೇಡ ಅನ್ನಿ. ಬೇಕರಿ ಅಜ್ಜ ಒಬ್ಬರು ಬರ್ತಿದ್ದಾರೆ, ಒಲೆ ಬಾಗಿಲು ಬಡಿದು ಎರಡೂ ಕೈ ಸುಟ್ಟಿದೆ. ಮೊಮ್ಮಗ ಆ ಕೈಯಿಂದ ತುತ್ತು ತಗೊಳ್ಳಲ್ಲ. ಮೂರು ಸಲ ಚಿತ್ರ ಬದಲಾಯಿಸಿದೆ, ಪಾಪು ಹತ್ತಿರಾನೇ ಬರ್ತಿಲ್ಲ. ನಾನು ಪೆನ್ನು ಕೊಟ್ರೆ ಕೆಳಗೆ ನಮ್ಮತ್ತೆ ಹಿಂದೆ ಹೋಗಿ ಬಚ್ಚಿಟ್ಕೊತಾನೆ. ನಿಮ್ಮ ಮಗಳನ್ನ ಒಂದು ಮಧ್ಯಾಹ್ನ ಕಳಿಸ್ತೀರಾ? ಅವಳು ಅಜ್ಜನ ಕೈ ಮೇಲೆ ಏನಾದ್ರೂ ಗೀಚ್ತಾ ಕೂತ್ಕೊಳ್ಳಲಿ. ಅವನು ನೋಡ್ಲಿ. ಹಳೇ ಬಟ್ಟೆ ಹಾಕಿ ಕಳಿಸಿ, ಇಂಕು ಹೋಗಲ್ಲ. ಅವಳು ಮಧ್ಯಾಹ್ನದ ನಿದ್ದೆಯಿಂದ ಏಳೋದು ಎಷ್ಟು ಹೊತ್ತಿಗೆ?”